ಮೂವತ್ತರ ಸ್ಪೀಡು

ಡಿಸೆಂಬರ್ 3, ಬುಧವಾರ

ಬೆಳಗಿನ ಬಸ್ಸು ಇವತ್ತೂ ಲೇಟು. ದುದ್ದದಿಂದ ಮಂಡ್ಯದವರೆಗೂ ನಿಂತ್ಕೊಂಡೇ. ಲ್ಯಾಬಲ್ಲಿ ಹೊತ್ತಾರೆಯಿಂದ ಬರೀ ರಕ್ತ ತೆಗೆಯೋದು. ಒಬ್ಬ ಮುದುಕಪ್ಪ ಬಂದಿದ್ದ. ಕೈ ಥೇಟ್ ಅಪ್ಪಂದೇ — ಕುಡುಗೋಲಿನ ಗಾಯದ ಗುರುತು, ಮಣ್ಣು ಹಿಡಿದ ಉಗುರು. ನರ ಸಿಕ್ಕಲಿಲ್ಲ. ಎರಡು ಸಲ ಚುಚ್ಚಿದೆ. "ನಿಧಾನಕ್ಕೆ ತಗಿ ಕಣವ್ವ, ನಂಗೇನ್ ಅರ್ಜೆಂಟಿಲ್ಲ" ಅಂದ. ಬಾತ್‌ರೂಮಿಗೆ ಹೋಗಿ ಅತ್ತೆ.

ಸಾಯಂಕಾಲ ಪುನೀತನ ಫೋನು. ಎತ್ತಲಿಲ್ಲ. ಅವ್ವನಿಗೆ ಮಾಡವ್ನೆ. ಹದಿನಾಲ್ಕನೇ ತಾರೀಕು ಭಾನುವಾರ ಬತ್ತಾನಂತೆ, ನನ್ನ ಕರ್ಕೊಂಡು ಹೋಗೋಕೆ. "ಗಂಡ ಕಣಮ್ಮ, ಒಂದ್ ಸಲ ಮಾತಾದ್ರೂ ಆಡು" ಅಂತಾಳೆ ಅವ್ವ.

ಗಂಡ! ನನ್ನಪ್ಪನ್ನ ಕೊಂದೋನು.

ಬರಲಿ.

ಡಿಸೆಂಬರ್ 6, ಶನಿವಾರ

ಬರೆದಾದ್ರೂ ಎದೆ ಹಗುರಾಗಲಿ. ಆಗಸ್ಟಿನ ಆ ಮಧ್ಯಾಹ್ನದ ಬಗ್ಗೆ ಇಲ್ಲೀವರ್ಗೂ ಒಂದಕ್ಷರ ಬರೆದಿಲ್ಲ.

ಅಪ್ಪ ನನ್ನ ನೋಡೋಕೆ ಮಳವಳ್ಳಿ ಆಚೆಯ ಬ್ಲಫ್ ಅನ್ನೋ ಊರಿಗೆ ಬಂದಿದ್ದ. ಪುನೀತ್ ಅಲ್ಲಿ ಪವರ್ ಹೌಸಲ್ಲಿ ಎಂಜಿನಿಯರ್. ಕ್ವಾರ್ಟರ್ಸಲ್ಲಿ ಎರಡು ರೂಮು — ಒಂದು ನಮ್ಮದು, ಇನ್ನೊಂದು ಟೈರಿಂದು. ತಮಾಷೆ ಅಲ್ಲ. ಅವನ ಕೆಂಪು ಸ್ಪೋರ್ಟ್ಸ್ ಕಾರಿಗೆ ಎರಡು ಸೆಟ್ ಚಕ್ರ. ರೋಡಿಗೊಂದು, ಟ್ರ್ಯಾಕಿಗೊಂದು. ವರ್ಷಕ್ಕೆ ಮೂರ್ನಾಲ್ಕು ಸಲ ಕೊಯಮತ್ತೂರಿನ ರೇಸ್ ಟ್ರ್ಯಾಕಿಗೆ ಹೋಗಿ ಸುತ್ತು ಹೊಡೀದಿದ್ರೆ ಅವನಿಗೆ ನಿದ್ದೆ ಬರಲ್ಲ. ಟ್ರ್ಯಾಕ್ ಟೈರಿಗೆ ಬಿಸಿಲು ತಾಕಬಾರದು ಅಂತ ಚಾಪೆ ಹಾಸಿ, ಬೆಡ್‌ಶೀಟ್ ಹೊದಿಸಿ ಮಲಗಿಸ್ತಿದ್ದ. ನನ್ನಪ್ಪ ಬಂದ್ರೆ ಹಾಲ್‌ನಲ್ಲಿ ಮಲಗ್ತಿದ್ದ.

ಅವತ್ತು ಅಪ್ಪ ಊಟ ಮಾಡಿ ಎದ್ದೋನು ಎದೆ ಹಿಡ್ಕೊಂಡು ಕೂತ. ಆಚೆ ಧೋ ಅಂತ ಮಳೆ. "ಕಾರ್ ತೆಗೀರಿ, ಮಳವಳ್ಳಿ ಆಸ್ಪತ್ರೆಗೆ ಹೋಗನ" ಅಂತ ಕಿರುಚಿದೆ. ಕಾರಿಗೆ ಹಾಕಿದ್ದು ಟ್ರ್ಯಾಕ್ ಟೈರು. ರೋಡ್ ಚಕ್ರ ಗುಂಡಿಗೆ ಬಿದ್ದು ರಿಮ್ಮು ಬೆಂಡಾಗಿ ಮಂಡ್ಯದ ಅಂಗಡಿಲಿತ್ತು. "ಇದು ಮಳೇಲಿ ನಿಲ್ಲಲ್ಲ ರಂಜಿ. ನೀರು ಆಚೆ ಹೋಗೋಕೆ ಗೆರೆನೇ ಇಲ್ಲ, ತೇಲ್ಬುಡ್ತದೆ. ಮಾವನ ಜೊತೆ ನಾವೂ ಸಾಯ್ತೀವಿ" ಅಂದ. ಆಂಬುಲೆನ್ಸಿಗೆ ಫೋನ್ ಮಾಡ್ದ. ಅದು ಇನ್ನೆಲ್ಲಿಗೋ ಹೋಗಿತ್ತು. ಅಕ್ಕಪಕ್ಕ ಯಾರ ಕಾರೂ ಇಲ್ಲ. ಒಂದೂಕಾಲು ಗಂಟೆ ಕಾದ್ವಿ. ಅಷ್ಟು ಹೊತ್ತೂ ಅಪ್ಪ ನನ್ನ ಕೈ ಹಿಡ್ಕೊಂಡು, ಕಿಟಕಿ ಆಚೆ ನಿಂತಿದ್ದ ಆ ಕೆಂಪು ಕಾರನ್ನೇ ನೋಡ್ತಿದ್ದ. ಕೊನೆಗೆ ಆಂಬುಲೆನ್ಸು ಬಂತು, ಮಳವಳ್ಳಿ ಆಸ್ಪತ್ರೆ ಗೇಟ್ ಹತ್ರ ಕೈ ಸಡಿಲಾಯ್ತು.

ತೇಲ್ತದಂತೆ. ಸುಳ್ಳು. ಟೈರು ಸವೀತದೆ ಅಂತ ತೆಗೀಲಿಲ್ಲ, ಅಷ್ಟೇ. ಮುಂದಿನ ವಾರ ಟ್ರ್ಯಾಕ್ ಇತ್ತಲ್ಲ.

ತಿಥಿ ಮುಗಿಸಿ ಇಲ್ಲೇ ಉಳ್ಕೊಂಡೆ. ವಾಪಸ್ ಹೋಗಿಲ್ಲ. ಹೋಗಲ್ಲ.

ಡಿಸೆಂಬರ್ 10, ಬುಧವಾರ

ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ನೋಡಬಾರದಿತ್ತು. ಹೊಸ ಟ್ರ್ಯಾಕ್ ಟೈರು, ನಾಲ್ಕೂ ಸಾಲಾಗಿ. ಪಕ್ಕದಲ್ಲಿ ಬೆಂಕಿ ಎಮೋಜಿ. ಮಾವ ಸತ್ತು ನಾಲ್ಕು ತಿಂಗಳು, ಇವನಿಗೆ ಬೆಂಕಿ! ನಿನ್ ಟೈರಿಗೇ ಬೆಂಕಿ ಬೀಳ.

ಅವ್ವ ಹೇಳಿದ್ಲು — ಭಾನುವಾರ ಮಂಡ್ಯದಲ್ಲಿ ಟೈರ್ ಹಾಕಿಸ್ಕೊಂಡು ಹಂಗೇ ಇಲ್ಲಿಗೆ ಬತ್ತಾನಂತೆ. ಹೊಸ ಟೈರು ಟ್ರ್ಯಾಕಿಗೆ ಮುಂಚೆ ಸ್ವಲ್ಪ ರೋಡಲ್ಲಿ ಓಡಬೇಕಂತೆ, ಹದ ಆಗೋಕೆ.

ಅಂದ್ರೆ ಟೈರಿನ ಕೆಲಸದ ದಾರೀಲಿ ಹೆಂಡ್ತಿನೂ ಒಂದು ಕೆಲಸ. ಹದ ಮಾಡಿಸ್ತೀನಿ ಬಾ.

ಡಿಸೆಂಬರ್ 13, ಶನಿವಾರ

ಕುಯ್ದಿದ್ದ ಹುರುಳಿ ಒಣಗೈತೆ. ಪಕ್ಕದ ಮನೆ ಪಟ್ಟಲಮ್ಮ ದೊಡ್ಡವ್ವ ಬಂದು, "ನಾಳೆ ಒತ್ತಾರೆ ರಸ್ತೆಗೆ ಅರಡಿಬುಡಣ. ಬಸ್ಸು ಲಾರಿ ತುಳುದ್ರೆ ಕಾಳು ಬುಡ್ತದೆ. ಟೀವೀಲಿ ಸೈಕ್ಲೋನ್ ಅಂತಾವ್ರೆ, ಮಳೆ ಬರೋದ್ರೊಳ್ಗೆ ಬಾಚ್ಕೊಳನ" ಅಂದ್ಲು.

ಬಸ್ಸು ಲಾರಿ ಯಾಕೆ ದೊಡ್ಡವ್ವ, ನಮ್ಮನೆ ಅಳಿಯಂದ್ರೇ ಬತ್ತಾವ್ರಲ್ಲ, ಹೊಸ ಟೈರು ಹಾಕ್ಕೊಂಡು... ಬಾಯಿ ಬಿಟ್ಟು ಹೇಳಲಿಲ್ಲ. ಒಬ್ಬಳೇ ನಕ್ಕೆ. ನಗದೆ ಎಷ್ಟು ದಿನ ಆಗಿತ್ತು.

ಡಿಸೆಂಬರ್ 14, ಭಾನುವಾರ — ಬೆಳಗ್ಗೆ

ಮಾಡ್ದೆ!

ಬಂದ. ಕೈಕಾಲು ತೊಳ್ಕೊಂಡ. ಕೀ ಟೀಪಾಯಿ ಮೇಲಿಟ್ಟು ಅಪ್ಪನ ಫೋಟೋ ಮುಂದೆ ಕೈ ಮುಗಿದು ನಿಂತ. ಅವ್ವ "ಕೂತ್ಕೊಳಿ, ಕಾಫಿ ತತ್ತೀನಿ" ಅಂತ ಒಳಗೆ ಹೋದ್ಲು. ನಾನು ಕೀ ಎತ್ಕೊಂಡು ಆಚೆ ಬಂದೆ.

ಆರು ವರ್ಷದ ಸಂಸಾರದಲ್ಲಿ ಆ ಸೀಟಲ್ಲಿ ಕೂರೋಕೆ ಬಿಟ್ಟಿರಲಿಲ್ಲ. ಹೈಸ್ಕೂಲಲ್ಲಿದ್ದಾಗಲೇ ಅಪ್ಪನ ಟ್ರ್ಯಾಕ್ಟರ್ ಓಡಿಸಿದೋಳು ನಾನು. ಸೀದಾ ಹುರುಳಿ ಮೇಲೆ ಬಿಟ್ಟೆ. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಬೇಕಂತಲೇ ಮಧ್ಯೆ ಮಧ್ಯೆ ಜಲ್ಲಿಗೂ ಇಳಿಸಿದೆ. ಕಾಳು ಕಾರಿನ ಅಡೀಗೆ ಪಟಪಟ ಹೊಡೀತಿದ್ದೋ. ದೊಡ್ಡವ್ವ ಮೊರ ಹಿಡ್ಕೊಂಡು ಕೂಗ್ತಾಳೆ: "ಇನ್ನೊಂದ್ ಸುತ್ತು ಬಾ ಕಣಮ್ಮಿ! ಲಾರಿಗಿಂತ ಚಂದಾಗ್ ತುಳೀತದೆ ಇದು!"

ಅವನು ಬರಿಗಾಲಲ್ಲಿ ಓಡಿ ಬಂದ. ಮೊದಲು ಬಗ್ಗಿ ಟೈರು ನೋಡ್ದ. ಮೆತ್ತನೆ ರಬ್ಬರಿನ ತುಂಬ ಜಲ್ಲಿ, ಕಡ್ಡಿ, ಮುಳ್ಳು. ಆಮೇಲೆ ನನ್ನ ನೋಡ್ದ. ಬೈತಾನೆ ಅಂತ ಕಾದೆ. ಬೈಲಿಲ್ಲ. ಅದೇ ನನಗೆ ಇನ್ನೂ ಉರಿ.

ಮೋಡ ಕವೀತಾ ಐತೆ. ಕಾಳು ಬಾಚಬೇಕು.

ಅದೇ ದಿನ — ಮಧ್ಯಾಹ್ನ ಮೂರು

ಬರೆಯೋಕೆ ಮನಸ್ಸಿಲ್ಲ. ಆದ್ರೂ ಬರೀತೀನಿ.

ಮಳೆ ಶುರುವಾದಾಗ ಎಲ್ರೂ ಸೇರಿ ಹುರುಳಿ ಬಾಚಿದ್ವಿ. ಅವನೂ ಟಾರ್ಪಾಲ್ ಹಿಡ್ದ. ಜಗಲಿ ಮೇಲೆ ತಲೆ ಒರೆಸ್ಕೊತಾ ಮೆಲ್ಲಗೆ ಹೇಳ್ದ: "ಅವತ್ತೂ ಇಂಥದ್ದೇ ಮಳೆ ರಂಜಿ. ಟೈರು ಉಳಿಸೋಕಲ್ಲ. ನಂಬು."

ಮೈಯೆಲ್ಲ ಹತ್ಕೊಂಡು ಉರೀತು. ಯಾವತ್ತೂ 'ರೀ' ಅನ್ನೋ ಬಾಯಲ್ಲಿ 'ನೀನು' ಬಂತು. "ಬಾ. ನಾನೇ ಓಡಿಸ್ತೀನಿ. ಹೆಂಗೆ ತೇಲ್ತದೋ ನೋಡ್ಬುಡನ. ನೀನು ಹಿಂದೆ ಮಲ್ಕೊ, ನನ್ನಪ್ಪ ಮಲಗಬೇಕಿದ್ದ ಕಡೆ."

ಹೋಗಿ ಹಿಂದಿನ ಸೀಟಲ್ಲಿ ಮಂಡಿ ಮಡಚ್ಕೊಂಡು ಬಿದ್ಕೊಂಡ. ಅವ್ವ ಬೇಡ ಬೇಡ ಅಂತಿದ್ಲು. ಆಸ್ಪತ್ರೆಗೆ ಹೋಗೋರು ಹೆಂಗೆ ಓಡಿಸ್ತಾರೋ ಹಂಗೇ ಓಡಿಸ್ದೆ. ಕೆರೆ ಏರಿ ಮೇಲೆ ಎಪ್ಪತ್ತು ದಾಟಿತ್ತು. ನಿಂತ ನೀರಿಗೆ ಚಕ್ರ ಹೋಗಿದ್ದೇ ತಡ ಸ್ಟೇರಿಂಗು ಹಗುರಾಗೋಯ್ತು. ತಿರುಗಿಸಿದ್ರೆ ತಿರುಗಲ್ಲ. ಬ್ರೇಕ್ ತುಳುದ್ರೆ ನಿಲ್ಲಲ್ಲ. ಕಾರು ತನ್ನ ಪಾಡಿಗೆ ಒಂದು ಸುತ್ತು ಸುತ್ತಿ, ಕೆರೆ ಕಡೆ ಕಲ್ಲಿಗೆ ಹಿಂಭಾಗ ಬಡಿದು ನಿಂತ್ಕೊತು. ಇನ್ನೊಂದು ಗಜ ಹೋಗಿದ್ರೆ ನೀರು.

ಆಮೇಲೆ ಹಿಂದಿಂದ, "ಗೊತ್ತಾಯ್ತಾ?"

ಗೊತ್ತಾಯ್ತು. ಅವನು ಹೇಳಿದ್ದು ನಿಜ. ನಾಲ್ಕು ತಿಂಗಳಿಂದ ದಿನಾ ಶಾಪ ಹಾಕಿದ್ದು ಸುಮ್ಮನೆ. ಸ್ಟೇರಿಂಗ್ ಮೇಲೆ ತಲೆ ಇಟ್ಕೊಂಡು ಅತ್ತೆ. 'ತಪ್ಪಾಯ್ತು ರೀ' ಅನ್ನೋದು ನಾಲಿಗೆ ತುದಿಗೆ ಬಂದಿತ್ತು.

ವಾಪಸ್ ಹೊರಟೆ. ಹೆದರ್ಕೊಂಡು ಆಕ್ಸಿಲರೇಟರ್ ಜೋರಾಗಿ ತುಳೀಲೇ ಇಲ್ಲ. ಏರಿ ಮುಗೀತು, ತಿರುವು ಬಂತು — ಜಾರಲಿಲ್ಲ. ಮೋರಿ ಹತ್ರ ರಸ್ತೆ ತುಂಬ ನೀರು — ಜಾರಲಿಲ್ಲ. ಅದೇ ಮಳೆ. ಅದೇ ಟೈರು. ಮೀಟರ್ ನೋಡಿದೆ. ಮೂವತ್ತು. ಕನ್ನಡಿ ನೋಡಿದೆ. ಅವನು ಎದ್ದು ಕೂತಿದ್ದ. ಅವನೂ ಮೀಟರನ್ನೇ ನೋಡ್ತಿದ್ದ. ಮುಖದಲ್ಲಿ ರಕ್ತ ಇರಲಿಲ್ಲ.

ಮನೆ ಮುಂದೆ ನಿಲ್ಲಿಸಿ ಕೇಳಿದೆ. "ಜೋರಾಗ್ ಹೋದ್ರೆ ಜಾರ್ತದೆ ಅಂತ ಗೊತ್ತಿದ್ದೋನಿಗೆ, ನಿಧಾನಕ್ಕೆ ಹೋದ್ರೆ ಜಾರಲ್ಲ ಅಂತ ಗೊತ್ತಿರಲಿಲ್ವಾ?"

"ಹೊಳೀಲಿಲ್ಲ ರಂಜಿ..." ಅಂದ. "ದೇವ್ರಾಣೆ ಹೊಳೀಲಿಲ್ಲ. ಈ ಟೈರಲ್ಲಿ ನಿಧಾನಕ್ಕೆ ಓಡಿಸಬೋದು ಅಂತ... ನಾನು ಯಾವತ್ತೂ ಓಡಿಸೇ ಇಲ್ಲ."

ಹೊಳೀಲಿಲ್ಲವಂತೆ. ಟೈರಿಗೆ ಬಿಸಿಲು ತಾಕ್ತದೆ ಅಂತ ಹೊಳೀತದೆ, ಇದು ಹೊಳೀಲಿಲ್ಲ! ನನ್ನಪ್ಪ ಒಂದೂಕಾಲು ಗಂಟೆ ಆ ಕಾರು ನೋಡ್ಕೊಂಡು ಸತ್ತ.

ಕಿರುಚಲಿಲ್ಲ. ಕೀ ಅವನ ಕೈಗೆ ಕೊಟ್ಟೆ. "ಹೋಗು" ಅಂದೆ. "ಮಂಡ್ಯದಲ್ಲಿ ರೋಡ್ ಚಕ್ರ ಐತೆ, ಬದಲಾಯಿಸ್ಕೊಂಡು..." ಅಂದ.

"ಬೇಡ. ಈ ಟೈರಲ್ಲೇ ಹೋಗು. ಮೂವತ್ತು ದಾಟಬೇಡ. ಮಳವಳ್ಳಿ ಆಸ್ಪತ್ರೆ ಗೇಟ್ ಹತ್ರ ನಿಂತು ಟೈಮ್ ನೋಡ್ಕೊ. ಕ್ವಾರ್ಟರ್ಸ್ ಬಾಗಿಲಿಗೆ ಹೋಗಿ ಇನ್ನೊಂದ್ ಸಲ ನೋಡ್ಕೊ. ಎಷ್ಟಾಯ್ತು ಅಂತ ನನಗೆ ಫೋನ್ ಮಾಡು."

ತಲೆ ತಗ್ಗಿಸ್ಕೊಂಡು ಹೋದ. ಸೈಕಲ್ ತುಳೀತಿದ್ದ ಯಾರೋ ಮುದುಕ ಆ ಕಾರನ್ನ ಹಿಂದೆ ಹಾಕ್ದ.

ಅದೇ ದಿನ — ಸಂಜೆ, ದೀಪ ಹಚ್ಚೋ ಹೊತ್ತು

ಮಳೆ ನಿಂತಿಲ್ಲ. ಟೀವೀಲಿ ಮಳವಳ್ಳಿ ಕಡೆನೂ ಜೋರು ಅಂತಾವ್ರೆ. ಒಳ್ಳೇದೇ ಆಯ್ತು. ಅವತ್ತಿನ ಥರಾನೇ ಇರಲಿ.

ಅವ್ವ ತುತ್ತು ಮುಟ್ಟಿಲ್ಲ. "ಏನ್ ಬಂತು ಕಣಮ್ಮ ಇದ್ರಿಂದ? ನಿಮ್ಮಪ್ಪ ವಾಪಸ್ ಬತ್ತದಾ?" ಅಂತಾಳೆ. ಬರಲ್ಲ. ಅದಕ್ಕೇ.

ಫೋನ್ ಬಂತು. ಎತ್ತಿದೆ. ವೈಪರ್ ಸದ್ದು ಕೇಳ್ತಿತ್ತು. ಇನ್ನೂ ಕಾರಲ್ಲೇ ಕೂತವ್ನೆ.

"ಮೂವತ್ತೆಂಟು ನಿಮಿಷ" ಅಂದ.

ಆಂಬುಲೆನ್ಸು ನಮ್ಮ ಬಾಗಿಲಿಗೆ ಬರೋ ಅರ್ಧ ಗಂಟೆ ಮುಂಚೆನೇ ಅಪ್ಪ ಆಸ್ಪತ್ರೆಲಿ ಇರ್ತಿದ್ದ.

ಖುಷಿ ಆಗ್ತದೆ ಅನ್ಕೊಂಡಿದ್ದೆ. "ಇನ್ನೊಂದ್ ಸಲ ಹೇಳು" ಅಂದೆ. ಹೇಳ್ದ. ಅಳ್ತಿದ್ದ. "ಇನ್ನೊಂದ್ ಸಲ." ಹೇಳ್ದ. ಅವ್ವ ಫೋನ್ ಕಿತ್ಕೊಂಡು ಇಟ್ಬುಟ್ಲು.

ಮತ್ತೆ ಬಡ್ಕೊತಾ ಐತೆ. ಅವನೇ. ಎತ್ತಿ, ಇನ್ನೊಂದ್ ಸಲ ಹೇಳಿಸ್ತೀನಿ.