ನಾಲ್ಕು ಕಹಿ ಮಾತ್ರೆ

11 ಜುಲೈ 2006, ಕೋಲಸಿರ್ಸಿ

ಇಂದು ಹದಿನಾಲ್ಕು ಜ್ವರ. ಹದಿನಾಲ್ಕು ಬೆರಳು ಚುಚ್ಚಿ ಸ್ಲೈಡ್ ಮಾಡಿದೆ. ಎಲ್ಲರಿಗೂ ನಾಲ್ಕು ನಾಲ್ಕು ಕ್ಲೋರೊಕ್ವಿನ್. ಆರೋಗ್ಯ ಸಹಾಯಕನಾಗಿ ಇಪ್ಪತ್ತೆಂಟು ವರ್ಷದ ರೂಢಿ: ಜ್ವರ ಎಂದರೆ ಮೊದಲು ರಕ್ತ, ಕೂಡಲೇ ಮಾತ್ರೆ, ರಿಪೋರ್ಟ್ ಬರುವಾಗ ಬರಲಿ. ಊರವರು ನನ್ನನ್ನು ಮಲೇರಿಯಾ ಶಿವಲಿಂಗಪ್ಪ ಎನ್ನುವುದು ಸುಮ್ಮನೆ ಅಲ್ಲ.

ಹೊಸ ಡಾಕ್ಟರ್ ಪರಿಮಳಾ ಮೇಡಂ ಒಪ್ಪಲಿಲ್ಲ. "ಇದು ಚಿಕುನ್‌ಗುನ್ಯಾ, ಶಿವಲಿಂಗಪ್ಪನವ್ರೇ. ವೈರಸ್. ಮಲೇರಿಯಾ ಮಾತ್ರೆಗೂ ಇದಕ್ಕೂ ಎಂತ ಸಂಬಂಧ?"

"ಮೂರು ದಿನದಾಗ ಜ್ವರ ಇಳೀಲಿಲ್ಲಂದ್ರ ಈ ಮೀಸಿ ಬೋಳಸ್ತೀನ್ರಿ ಮೇಡಂ."

ಹಾವೇರಿಯವನ ಮೀಸೆ. ಪಣಕ್ಕಿಟ್ಟು ಸೋತದ್ದಿಲ್ಲ.

14 ಜುಲೈ

ಹನ್ನೆರಡು ಜನಕ್ಕೆ ಜ್ವರ ಬಿಟ್ಟಿದೆ! ಮೇಡಂ ನಕ್ಕರು. "ಮಾತ್ರೆ ಉಗುಳಿದ ತಿಮ್ಮನಿಗೂ ಬಿಟ್ಟಿದ್ಯಲ್ಲ? ಈ ಜ್ವರ ತನ್ನಷ್ಟಕ್ಕೇ ಇಳೀತದೆ."

ತಿಮ್ಮ ಕಲ್ಲು ತಿಂದು ಕರಗಿಸುವ ಆಸಾಮಿ, ಅವನ ಮಾತು ಬೇರೆ. ಮೀಸೆ ಭದ್ರ.

2 ಆಗಸ್ಟ್

ಜ್ವರ ಹೋಯಿತು, ಗಂಟುನೋವು ಹೋಗಲಿಲ್ಲ. ಆ ಹದಿನಾಲ್ವರಲ್ಲಿ ಒಬ್ಬಳಾದ ಹೊನ್ನಿ ಗೋಡೆ ಹಿಡಿದುಕೊಂಡು ಬಂದಳು. ಅಡಿಕೆ ಸುಲಿಯುವುದರಲ್ಲಿ ಊರಿಗೇ ಮುಂದು, ಈಗ ಲೋಟ ಹಿಡಿಯಲಾರಳು.

"ಕೈ ಮಡಚೂಕೆ ಬತ್ತಿಲ್ಲ ಸಾರ್. ಸುಲಿತ ಶುರುವಾಗೂದ್ರೊಳಗೆ ಗುಣ ಆಗ್ತದಾ?"

ಮೇಡಂ ಯೋಚಿಸಿದರು. ಈ ನೋವಿಗೆ ಕ್ಲೋರೊಕ್ವಿನ್ ಕೊಟ್ಟು ನೋಡಿದ ಡಾಕ್ಟರುಗಳಿದ್ದಾರಂತೆ. ಖಾತ್ರಿಯಿಲ್ಲ. ದಿನಕ್ಕೊಂದು, ಒಂದೇ ತಿಂಗಳು. ಮಿತಿಮೀರಿದರೆ ಕಣ್ಣಿಗೆ ಅಪಾಯ. ತಿಂಗಳಾದ ಮೇಲೆ ಕರೆದುಕೊಂಡು ಬನ್ನಿ ಎಂದರು.

ತಿರುಗಿ ತಿರುಗಿ ನನ್ನ ಮಾತ್ರೆಗೇ ಬಂದರಲ್ಲ!

19 ಆಗಸ್ಟ್

ಹೊನ್ನಿಯ ನೋವು ಇದ್ದ ಹಾಗೇ ಇದೆ. "ಒಂದು ಸಾಲೂದಿಲ್ಲವ್ವಾ, ಎರಡು ತಗೋ" ಎಂದೆ. ಮೇಡಂಗೆ ಹೇಳಲಿಲ್ಲ. ಕಾಯಿಲೆ ಹಟ ಹಿಡಿದರೆ ಔಷಧಿಯೂ ಹಿಡಿಯಬೇಕು.

23 ಸೆಪ್ಟೆಂಬರ್

ಹೊನ್ನಿ ತುಂಬಿದ ಕೊಡ ಎತ್ತಿದಳು! ನಾನೇ ಎತ್ತಿದಷ್ಟು ಖುಷಿ. ತಿಂಗಳು ಮೀರಿದೆ, ನಿಜ. ಮೇಡಂ ಟ್ರೇನಿಂಗಿಗೆ ಹೋಗಿದ್ದಾರೆ. ಗೆಲ್ಲುವ ಎತ್ತಿನ ನೊಗ ನಡುದಾರಿಯಲ್ಲಿ ಬಿಚ್ಚುತ್ತಾರೆಯೇ? ಇನ್ನಷ್ಟು ಮಾತ್ರೆ ಕಟ್ಟಿಕೊಟ್ಟೆ.

1 ನವೆಂಬರ್

ಸಿದ್ದಾಪುರ ಬಸ್‌ಸ್ಟ್ಯಾಂಡು. ಹೊನ್ನಿಯ ಎದುರಿಗೇ ನಿಂತು ನಕ್ಕೆ. ಅವಳು, ನಾನು ಯಾರೋ ಎಂಬಂತೆ ನಿಂತಿದ್ದಳು.

"ಯಾಕವ್ವಾ, ಗುರ್ತ ಸಿಗಲಿಲ್ಲೇನು?"

"ಓ, ನೀವಾ ಸಾರ್! ಹದಿನೈದು ದಿನ ಆತು, ಎಲ್ಲಾ ಮಂಜು ಮಂಜು. ಬಸ್ಸಿನ ಬೋರ್ಡೂ ಕಾಣ್ತಿಲ್ಲ. ಕೈ ಮಾತ್ರ ಅಡ್ಡಿಲ್ಲ."

ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಸುಲಿಯುವ ಕತ್ತಿ ತಾಗಿದೆ. ಮೇಡಂ ಹೇಳಿದ್ದ ಕಣ್ಣಿನ ಅಪಾಯ ನೆನಪಾಗಿ ನೇರ ಅವರ ಹತ್ತಿರ ಹೊರಟೆ.

ಅದೇ ದಿನ, ಸಂಜೆ ಐದು

ಮೇಡಂಗೆ ಎಲ್ಲ ಹೇಳಿದೆ. ದಿನಕ್ಕೆರಡು, ಎರಡೂವರೆ ತಿಂಗಳು.

"ಇವತ್ತೇ ನಿಲ್ಸಿ. ನಾಳೆ ಹುಬ್ಬಳ್ಳಿಗೆ ಕರ್ಕೊಂಡು ಹೋಗಿ, ಕಣ್ಣು ತೋರ್ಸಿ."

"ಕೈ ಗುಣ ಆತಲ್ರಿ ಮೇಡಂ..."

"ಇದೇ ಜ್ವರ ಬಂದು ಒಂದು ಮಾತ್ರೆಯೂ ತಗೊಳ್ಳದ ಚೌಡಮ್ಮನ ಕೈಯೂ ಗುಣ ಆಗಿದೆ."

ಮಾತ್ರೆ ಉಗುಳಿದ ತಿಮ್ಮ ನೆನಪಾದ.

3 ನವೆಂಬರ್

ಹುಬ್ಬಳ್ಳಿ ಡಾಕ್ಟರು ಹೇಳಿದ್ದು ಇಷ್ಟೇ: ಮಾತ್ರೆ ಬಿಟ್ಟು ಕಾಯಿರಿ. ಮಂಜು ಹೋಗಬಹುದು, ಹೋಗದೆಯೂ ಇರಬಹುದು.

ಹೊನ್ನಿಗೆ ಹೇಳಿದೆ — ತಪ್ಪು ನನ್ನದು, ಮೇಡಂ ಒಂದೇ ಅಂದಿದ್ದರು. ಅವಳು ಬಯ್ಯಲಿಲ್ಲ. ಉಳಿದ ಮಾತ್ರೆ ಸೆರಗಿನಿಂದ ಬಿಚ್ಚಿ ವಾಪಸ್ ಕೊಟ್ಟಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ಮೀಸೆ ಬೋಳಿಸಿದೆ. ಯಾರೂ ಕೇಳಿರಲಿಲ್ಲ.

17 ಡಿಸೆಂಬರ್

ಆರು ವಾರ ಹೊನ್ನಿಯ ಕೇರಿಗೆ ಕಾಲಿಟ್ಟಿರಲಿಲ್ಲ. ಹೇಡಿತನ, ಬೇರೇನಲ್ಲ. ಇಂದು ಹೋದೆ. ಬೇಲಿಬಾಗಿಲಿನ ದಣಪೆಯ ಹತ್ತಿರ ನಿಂತೆ. ಕೂಗಲಿಲ್ಲ, ಕೆಮ್ಮಲೂ ಇಲ್ಲ.

ಹೊನ್ನಿ ಅಂಗಳದ ಆಚೆ ತುದಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ತಲೆ ಎತ್ತಿದಳು. ಕಣ್ಣು ಕಿರಿದು ಮಾಡಿದಳು. ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟಳು.

"ಅಯ್ಯೋ ಸಾರ್, ಮೀಸೆ ಎಂತ ಮಾಡಿದ್ರಿ?"

ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ನಿಂತರೂ ಗುರುತು ಹಿಡಿಯದವಳು, ಇಪ್ಪತ್ತು ಮಾರು ದೂರದಿಂದ. ಇಪ್ಪತ್ತು ಮಾರು! ನಾನು ದಣಪೆ ಸರಿಸಿ ಒಳಗೆ ಹೋದೆ.