ಕರೆಯಲು ಬನ್ನಿ

ಮೈಸೂರು, ನವೆಂಬರ್ 10

ಅತ್ತೆಗೆ ಪಲ್ಲವಿಯ ನಮಸ್ಕಾರಗಳು.

ಇದೊಂದನ್ನು ಬರೆಯದೇ ಬಿಡುವುದರಲ್ಲಿದ್ದೆ: ಮೊನ್ನೆ ಐಸಿಯುನಲ್ಲಿ ನಿಮ್ಮ ಮಗನ ಪಾದ ಮುಟ್ಟಿದಾಗ, ಪ್ರಾಣ ಹೋಗಿದೆ ಎಂದೇ ನನಗೂ ಅನ್ನಿಸಿತ್ತು.

ನೀವು "ನನ್ ಮಗನ್ನ ಎಣದಂಗೆ ತಣ್ಣಗ್ ಮಾಡವ್ರಲ್ಲವ್ವ, ನೋಡ್ಕಂಡ್ ನಿಂತಿದ್ದೀಯಲ್ಲ ನೀನು" ಎಂದು ಕಂಬಳಿ ಹೊದಿಸಿ, ಪಾದ ಬೆಚ್ಚಗಾಗಲೆಂದು ಅಂಗೈಯಿಂದ ತಿಕ್ಕಿದಿರಿ. ಮೈಯ ಬಿಸಿ ಏರಿ ಯಂತ್ರ ಕೂಗಿಕೊಂಡಿತು, ನರ್ಸ್ ಗದರಿದರು. ಅಂದು ಬನ್ನೂರಿನ ಬಸ್ ಹತ್ತಿದ ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ.

ಬೈಕಿನಿಂದ ಬಿದ್ದ ಪೆಟ್ಟಿಗೆ ಅವರ ಮಿದುಳು ಊದಿಕೊಂಡಿದೆ. ಅದು ಹೆಚ್ಚಾಗದಿರಲೆಂದು ತಣ್ಣೀರು ಹರಿಯುವ ಹೊದಿಕೆಯನ್ನು ಮೈಗೆ ಸುತ್ತಿದ್ದಾರೆ. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದೆಲ್ಲ ನನಗೆ ಅರ್ಥವಾಯಿತು. ನಾನು ಒಪ್ಪಿದ್ದು ಸರಿಯೇ ಎಂಬುದು ಮಾತ್ರ ಇನ್ನೂ ಗೊತ್ತಿಲ್ಲ.

ಗುರುವಾರದಿಂದ ಮೈಯನ್ನು ನಿಧಾನವಾಗಿ ಬೆಚ್ಚಗೆ ಮಾಡಿ, ಈಗ ಕೊಡುತ್ತಿರುವ ನಿದ್ದೆಯ ಔಷಧಿಯನ್ನು ಕಡಿಮೆ ಮಾಡುತ್ತಾರೆ. ಕಣ್ಣು ಬಿಡುತ್ತಾರೋ ಇಲ್ಲವೋ, ಯಾರೂ ಹೇಳುತ್ತಿಲ್ಲ. ಆಗ ಮನೆಯವರು ಹತ್ತಿರ ನಿಂತು, ಮನೆಯಲ್ಲಿ ಕರೆಯುವ ಹಾಗೆಯೇ ಕರೆಯಬೇಕಂತೆ. ಮದುವೆಯಾದಂದಿನಿಂದ ನಾನು "ರೀ" ಎಂದದ್ದೇ ಹೊರತು ಅವರ ಹೆಸರು ಹಿಡಿದು ಕರೆದವಳಲ್ಲ. ನಿನ್ನೆ ಒಬ್ಬಳೇ ನಿಂತು "ಮಹೇಂದ್ರ" ಎಂದು ಕರೆದು ನೋಡಿದೆ. ಬೇರೆ ಯಾರನ್ನೋ ಕರೆದ ಹಾಗಿತ್ತು. ನಿಮ್ಮ "ಏಳ್ ಕೂಸೇ" ನನ್ನ ಬಾಯಿಗೆ ಬರುವುದಿಲ್ಲ.

ಗುರುವಾರ ಮೊದಲ ಬಸ್ಸಿಗೇ ಬನ್ನಿ. ಒಳಗೆ ಬಿಡುವಂತೆ ನರ್ಸ್ ಹತ್ತಿರ ಮಾತಾಡಿದ್ದೇನೆ. ಗೇಟಿನಲ್ಲಿ ನಾನೇ ಕಾಯುತ್ತಿರುತ್ತೇನೆ.

ನಿಮ್ಮ ಸೊಸೆ,
ಪಲ್ಲವಿ

ನಾಳೆ, ನವೆಂಬರ್ 11ರ ಮಂಗಳವಾರ, ಅಂಚೆ ಕಚೇರಿ ತೆರೆದ ಕೂಡಲೇ ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ.