ಹೂಕುಂಡದ ಮಣ್ಣು

ಭಾನುವಾರ, ಮಾರ್ಚ್ 9

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬಾಯ್ತುಂಬ ಬೈಯಿ, ಮನಸ್ಸಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡ. ನಿನ್ನ ಅಕ್ಕನಿಗೆ ಈಗ ಕಾಲೂರಲು ಆಗುತ್ತದೆಯೇ? ಆಪರೇಷನ್ ಆದವರಿಗೆ ಅವಸರ ಒಳ್ಳೆಯದಲ್ಲ, ಅವಳು ಓಡಾಡುವವರೆಗೂ ನೀನು ಅಲ್ಲೇ ಇರು. ದಿನಾ ಫೋನಿನಲ್ಲಿ ನಿನ್ನ ಸಾವಯವ ಅಂಗಡಿ ಹೇಗಿದೆ ಎಂದು ಕೇಳುತ್ತೀಯ, ನಾನು ಚೆನ್ನಾಗಿದೆ ಎಂದು ಇಟ್ಟುಬಿಡುತ್ತೇನೆ. ಪಕ್ಕದಲ್ಲೇ ನಿನ್ನ ಗಂಡ ನಿಂತಿರುತ್ತಾನೆ. ಅದಕ್ಕೇ ಈ ಕಾಗದ.

ನಮಗೆ ಕ್ಯಾರೆಟ್ ಬೆಳೆದುಕೊಡುವ ತೋಟದಣ್ಣ ಜಾರಿಬಿದ್ದು ಸೊಂಟ ಉಳುಕಿಸಿಕೊಂಡ. ಕೆಲವು ವಾರ ಏನೂ ಬರುವುದಿಲ್ಲ ಎಂದು ಹೇಳಿ ಕಳುಹಿಸಿದ. ಆದರೂ ಅಂಗಡಿಯ ಬುಟ್ಟಿ ತುಂಬಿಯೇ ಇತ್ತು! ಪರವಾಗಿಲ್ಲವೇ ನನ್ನ ಮಗ, ಎಲ್ಲಿಂದಲೋ ಹೊಂದಿಸಿದ್ದಾನೆ ಎಂದು ಬೀಗಿದೆ. ಆಮೇಲೆ ಮಹಡಿಯಲ್ಲಿ ನೋಡಿದರೆ ನನ್ನ ಹೂಕುಂಡಗಳೆಲ್ಲ ಅರ್ಧ ಖಾಲಿ. ಬೆಕ್ಕಿಗೆ ಬೈದೆ, ಪಾಪ. ಅಂಗಡಿಯ ಹಿಂದಿನ ನಲ್ಲಿಯ ಹತ್ತಿರ ಹೋದರೆ ನಿನ್ನ ಗಂಡ ಕುಕ್ಕರುಗಾಲಲ್ಲಿ ಕೂತು, ದೊಡ್ಡ ಮಾರ್ಕೆಟ್ಟಿನಿಂದ ತಂದ ತೊಳೆದ ಕ್ಯಾರೆಟ್ಟಿಗೆ ಆ ಮಣ್ಣು ಬಳಿಯುತ್ತಿದ್ದಾನೆ, ಮಗುವಿಗೆ ಎಣ್ಣೆ ಹಚ್ಚಿದ ಹಾಗೆ!

"ಏನೋ ಇದು ನಿನ್ನ ಅವತಾರ?" ಅಂದೆ.

"ಮೆತ್ತಗೆ ಮಾತಾಡಮ್ಮಾ. ಸಾವಯವ ಅಂದ್ರೆ ಮಣ್ಣಿರಬೇಕು ಅಂತ ಜನರ ತಲೇಲಿದೆ. ಫಳಫಳ ಅಂತಿದ್ರೆ ನಂಬಲ್ಲ, ಬುಟ್ಟಿ ಖಾಲಿ ಇದ್ರೆ ಬರಲ್ಲ. ನಾಲ್ಕು ದಿನ ನಿಮ್ ಕೈಗೆ ಕೊಟ್ರೆ ಮುಳುಗಿಸಿಬಿಟ್ರಲ್ಲ ಅಂತ ಅವಳು ಕೇಳಿದ್ರೆ ಏನ್ ಹೇಳ್ಲಿ?"

ಕೋಪವೂ ಬಂತು, ಅಯ್ಯೋ ಎಂದೂ ಅನ್ನಿಸಿತು. ಭಯವೋ ಪ್ರೀತಿಯೋ, ಗಂಡಸರಲ್ಲಿ ಬೇರೆ ಮಾಡಿ ಹೇಳುವುದು ಕಷ್ಟ. ಅದನ್ನೆಲ್ಲ ತೆಗೆದುಬಿಡು ಅಂದೆ. ಆಯ್ತು ಎಂದು ತಲೆಯಾಡಿಸಿದ.

ಮರುದಿನ ಬುಟ್ಟಿ ಮತ್ತೆ ತುಂಬಿತ್ತು. ನಮ್ಮ ಮೂಸುವ ಮೇಷ್ಟ್ರು ಬಂದು, ಕ್ಯಾರೆಟ್ಟನ್ನು ಮೂಗಿಗೆ ಹಿಡಿದು, "ಆಹಾ! ಈ ಮಣ್ಣಿನ ವಾಸನೆಗೇ ಕಣಮ್ಮಾ ಇಷ್ಟು ದೂರ ಬರೋದು. ನನ್ನವಳಿಗೆ ಕಾಯಿಲೆ ಆದಾಗಿಂದ ನಿಮ್ಮಂಗಡೀದು ಬಿಟ್ಟು ಬೇರೆ ಕೊಟ್ಟೇ ಇಲ್ಲ" ಅಂದರು. ನನಗೆ ತಡೆಯಲಾಗಲಿಲ್ಲ ಕಣೇ. "ಮೇಷ್ಟ್ರೇ, ಅದು ನಮ್ಮನೆ ಹೂಕುಂಡದ ಮಣ್ಣು. ಕ್ಯಾರೆಟ್ ಮಾರ್ಕೆಟ್ಟಿಂದು. ನನ್ನ ಮಗ ಬಳಿದಿದ್ದು" ಅಂದುಬಿಟ್ಟೆ. ಅಂಗಡಿ ತುಂಬ ಜನ, ಗಲ್ಲಾದ ಹಿಂದೆ ನಿನ್ನ ಗಂಡ. ಒಬ್ಬರು ಚೀಲ ಕೆಳಗಿಟ್ಟು ಹೊರಟೇಹೋದರು. ಮೇಷ್ಟ್ರು ಕ್ಯಾರೆಟ್ಟನ್ನು ಮೆಲ್ಲಗೆ ವಾಪಸಿಟ್ಟು, "ಹಾಗಾದ್ರೆ ಬೇಳೆ?" ಅಂದರು. ಬೇಳೆ ನಿಜವಾಗಿಯೂ ನಮ್ಮ ಬೆಳೆಗಾರರದೇ ಎಂದೆ. ನಂಬಿದರೋ ಇಲ್ಲವೋ, ಬರಿಗೈಯಲ್ಲಿ ಹೋದರು.

ಈಗ ಖಾಲಿ ಬುಟ್ಟಿಯಲ್ಲೇ 'ಕ್ಯಾರೆಟ್ ಇಲ್ಲ, ತೋಟದಣ್ಣ ಎದ್ದ ಮೇಲೆ ಬರುತ್ತದೆ' ಎಂದು ರಟ್ಟಿನ ಮೇಲೆ ಬರೆದು ನಿಲ್ಲಿಸಿದ್ದೇನೆ. ಗಿರಾಕಿಗಳು ಅರ್ಧಕ್ಕರ್ಧ ಕಡಿಮೆ. ಬಂದವರು ಪ್ರತಿಯೊಂದಕ್ಕೂ 'ಇದು ಯಾರು ಬೆಳೆದಿದ್ದು?' ಅನ್ನುತ್ತಾರೆ. ಕೇಳಲಿ ಬಿಡು, ಬಾಯಿ ನೋಯುವ ತನಕ ಹೇಳುತ್ತೇನೆ. ಮೇಷ್ಟ್ರು ಇನ್ನೂ ಬಂದಿಲ್ಲ. ನೀನು ಬಂದಾಗ ನಿನ್ನ ಗಂಡನ ಮೇಲೆ ಹಾರಾಡಬೇಡ. ತಪ್ಪು ಅವನದೇ, ಆದರೆ ನಿನ್ನ ಅಂಗಡಿ ಉಳಿಸಲು ಹೋಗಿ ಮಾಡಿದ.

ಅಕ್ಕನ ಕಾಲು ಗಟ್ಟಿಯಾಗಲಿ. ನೀವಿಬ್ಬರೂ ನಗುನಗುತ್ತಾ ನೂರು ಕಾಲ ಬಾಳಿ.

ನಿನ್ನ ಅತ್ತೆ

ತಾ.ಕ.: ಆವತ್ತಿನಿಂದ ಅವನು ಒಂದೂ ಜಗಳವಾಡಿಲ್ಲ, ಊಟ ಬಿಟ್ಟಿಲ್ಲ, ನನ್ನ ಮಾತ್ರೆ ಹೊತ್ತಿಗೆ ಸರಿಯಾಗಿ ತಂದುಕೊಡುತ್ತಾನೆ. ಆದರೆ ಮಾತು ಕಲಿತಾಗಿನಿಂದ ನನಗೆ 'ನೀನು' ಎಂದೇ ಅನ್ನುತ್ತಿದ್ದ ಮಗ ನಿನ್ನೆ ನೀರಿನ ಲೋಟ ಕೈಗಿಟ್ಟು, "ನೀವು ಊಟ ಮಾಡಿದ್ರಾ?" ಅಂದ.